ಹಳೆಯ ಸ್ಪೋರ್ಟ್ಸ್ ಕಾರಿಗೆ ಮನೆಯಲ್ಲೇ ಹೊಸ ಬಣ್ಣ: ಸಿದ್ಧತೆ ಕಾರಿಗೆ ಮಾತ್ರ ಸಾಕೆ?

ಹಳೆಯ ಕಾರಿಗೆ ಬಣ್ಣ ಹೊಡೆಯುವುದು ಏನು ಮಹಾ ಕೆಲಸ? ಮೇಲಿನ ಬಣ್ಣವನ್ನು ಉಜ್ಜಿ ತೆಗೆದು ಹೊಸದನ್ನು ಸಿಂಪಡಿಸಿದರೆ ಮುಗಿಯಿತು ಎಂದುಕೊಳ್ಳುವವರು ಬಹಳ ಜನ. ಈ ಕೆಲಸ ಬಲ್ಲವರನ್ನು ಕೇಳಿ ನೋಡಿ, ಸ್ಪ್ರೇ ಗನ್ ಹಿಡಿಯುವುದು ಕೊನೆಯ ಒಂದೆರಡು ದಿನದ ಮಾತು, ಅದಕ್ಕೂ ಮುಂಚಿನ ತಯಾರಿಯೇ ವಾರಗಟ್ಟಲೆ ಎನ್ನುತ್ತಾರೆ. ಆ ತಯಾರಿಯಲ್ಲಿ ನಮಗೆ ಮೋಸ ಮಾಡುವುದು ನಮ್ಮದೇ ಕಣ್ಣು ಮತ್ತು ಮೂಗು.

ಉದಾಹರಣೆಗೆ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನೇ ನೋಡೋಣ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಈ ಕಾರು, ಅದರ ಜಿಟಿ ಮಾದರಿಯೂ ಸೇರಿದಂತೆ, 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂತು. ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುವುದರಿಂದ ಬ್ರಿಟನ್, ಅಮೆರಿಕಗಳ ಎಷ್ಟೋ ಮನೆಗಳ ಗ್ಯಾರೇಜಿನಲ್ಲಿ ಇದರ ದುರಸ್ತಿ ನಡೆಯುತ್ತಲೇ ಇರುತ್ತದೆ.

ಹೊಸ ಬಣ್ಣ ಹೊಡೆದರೆ ತುಕ್ಕು ನಿಲ್ಲುತ್ತದೆಯೇ?

ಇಲ್ಲ. ಕಬ್ಬಿಣ, ಆಮ್ಲಜನಕ ಮತ್ತು ನೀರು ಸೇರಿದಾಗ ತುಕ್ಕು ಹುಟ್ಟುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲೆಂದು ರಸ್ತೆಗೆ ಎರಚುವ ಉಪ್ಪು ಇದನ್ನು ಇನ್ನಷ್ಟು ಚುರುಕಾಗಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅದು ಮೇಲಿನ ಬಣ್ಣವನ್ನು ಗುಳ್ಳೆಯಂತೆ ಎತ್ತುತ್ತದೆ. ಆ ಗುಳ್ಳೆ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ತಗಡು ಎಷ್ಟೋ ಸವೆದಿರುತ್ತದೆ.

ಎಂಜಿಬಿಗೆ ಲಾರಿಗಳಂತೆ ಪ್ರತ್ಯೇಕ ಚಾಸಿ ಇಲ್ಲ, ಕಾರಿನ ಮೈಯೇ ಅದರ ಅಸ್ಥಿಪಂಜರ. ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಪೆಟ್ಟಿಗೆಯಂತಹ ಭಾಗಕ್ಕೆ ಸಿಲ್ ಎಂದು ಹೆಸರು. ತೆರೆದ ಮೇಲ್ಛಾವಣಿಯ ಕಾರು ನಡುವೆ ಬಾಗದಂತೆ ತಡೆಯುವುದರಲ್ಲಿ ಇದರ ಪಾತ್ರ ದೊಡ್ಡದು, ಬೇಗ ತುಕ್ಕು ಹಿಡಿಯುವುದೂ ಇದೇ. ಅದರ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಕಾರು ಹೊಳೆಯುತ್ತದೆ, ಆದರೆ ಅಪಘಾತವಾದರೆ ಕಾಪಾಡಬೇಕಾದ ಲೋಹ ಅಲ್ಲಿರುವುದಿಲ್ಲ.

ಪರೀಕ್ಷಿಸಲು ಒಂದು ಚಿಕ್ಕ ಅಯಸ್ಕಾಂತ ಸಾಕು. ಉಕ್ಕಿಗೆ ಅದು ಅಂಟುತ್ತದೆ, ದಪ್ಪ ಪುಟ್ಟಿಯ ಮೇಲೆ ಅಂಟುವುದಿಲ್ಲ. ಬಾನೆಟ್ಟಿಗೆ ಅಂಟದಿದ್ದರೆ ಮಾತ್ರ ಗಾಬರಿಯಾಗಬೇಡಿ, ಮೊದಮೊದಲ ಎಂಜಿಬಿಗಳ ಬಾನೆಟ್ಟು ಅಲ್ಯೂಮಿನಿಯಮ್ಮಿನದು!

ಉಜ್ಜುವುದು ಮೊದಲೋ, ತೊಳೆಯುವುದು ಮೊದಲೋ?

ತೊಳೆಯುವುದು. ವರ್ಷಗಟ್ಟಲೆ ಹಚ್ಚಿದ ಪಾಲಿಶ್‌ಗಳಲ್ಲಿನ ಸಿಲಿಕೋನ್ ಮೇಲ್ಮೈಯಲ್ಲಿ ಕಾಣದ ಪೊರೆಯಾಗಿ ಉಳಿದಿರುತ್ತದೆ. ಹಾಗೆಯೇ ಉಜ್ಜಲು ಶುರುಮಾಡಿದರೆ ಅದು ಗೀರುಗಳ ಒಳಕ್ಕೆ ಸೇರಿಕೊಳ್ಳುತ್ತದೆ. ಸಿಲಿಕೋನ್ ಇರುವ ಕಡೆ ಹಸಿ ಬಣ್ಣ ಹರಡಿಕೊಳ್ಳದೆ ಹಿಂದೆ ಸರಿದು, ಮೀನಿನ ಕಣ್ಣಿನಂತಹ ಸಣ್ಣ ಕುಳಿಗಳಾಗುತ್ತವೆ. ಆದ್ದರಿಂದ ಮೊದಲು ಸೋಪಿನ ನೀರು, ಆಮೇಲೆ ಜಿಡ್ಡು ತೆಗೆಯುವ ದ್ರಾವಕ. ದ್ರಾವಕವನ್ನು ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಬೇಕು. ಒಂದೇ ಬಟ್ಟೆ ಬಳಸಿದರೆ ಜಿಡ್ಡು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ.

ಆಮೇಲೆ ಉಪ್ಪುಕಾಗದದ ಸರದಿ. ಅದರ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ಕಾಗದ ನಯ. ಹಳೆಯ ಬಣ್ಣ ತೆಗೆಯಲು 80, ಪ್ರೈಮರಿಗೆ ಮುಂಚೆ ಸುಮಾರು 180, ಕೊನೆಯ ಬಣ್ಣಕ್ಕೆ ಮುಂಚೆ 600ರ ಆಸುಪಾಸು ಎಂಬುದು ರೂಢಿ. ಕನ್ನಡಿಯಂತೆ ನುಣುಪಾದಷ್ಟೂ ಒಳ್ಳೆಯದು ಎನ್ನುವುದೂ ತಪ್ಪು. ಆ ಸಣ್ಣ ಗೀರುಗಳೇ ಬಣ್ಣಕ್ಕೆ ಹಿಡಿತ ಕೊಡುವುದು.

ಬರಿಯ ಉಕ್ಕು ಬೆಳಕು ಕಂಡಮೇಲೆ ತಡ ಮಾಡುವಂತಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕಿನ ತೆಳು ಪದರ ಬರಬಹುದು, ಬೆರಳಿನ ಬೆವರೂ ಅದಕ್ಕೆ ಸಾಕು. ಒಂದು ದಿನದಲ್ಲಿ ಎಷ್ಟು ಭಾಗಕ್ಕೆ ಎಪಾಕ್ಸಿ ಪ್ರೈಮರ್ ಹಚ್ಚಬಲ್ಲಿರೋ ಅಷ್ಟನ್ನೇ ಬಿಚ್ಚುವುದು ಜಾಣತನ.

ಧೂಳು ತಾನೇ, ಗುಡಿಸಿದರೆ ಹೋಗುವುದಿಲ್ಲವೇ?

ಹಳೆಯ ಕಾರಿನ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಅಮೆರಿಕದಲ್ಲಿ 1978ರಲ್ಲಿ ಮನೆಬಳಕೆಯ ಬಣ್ಣಗಳಿಗೆ ಬಂದ ಸೀಸದ ನಿರ್ಬಂಧ ವಾಹನಗಳ ಬಣ್ಣಕ್ಕೆ ಅನ್ವಯಿಸಲಿಲ್ಲ. ಅಂದಿನ ಅನೇಕ ಕಾರುಗಳ ಬೆಸುಗೆಯ ಸಂದುಗಳನ್ನು ತುಂಬುತ್ತಿದ್ದದ್ದೂ ಸೀಸದ ಮಿಶ್ರಲೋಹದಿಂದಲೇ. ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದು ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿ ಸರಿಪಡಿಸಲಾಗದ್ದು.

ಒಣ ಪೊರಕೆಯಿಂದ ಗುಡಿಸಿದರೆ ಈ ಧೂಳು ಗಾಳಿಗೆ ಏರುತ್ತದೆ, ಸಾಧಾರಣ ವ್ಯಾಕ್ಯೂಮ್ ಕ್ಲೀನರ್ ನುಣ್ಣನೆಯ ಕಣಗಳನ್ನು ಹಿಂದಿನಿಂದ ಹೊರಗೆ ಉಗುಳುತ್ತದೆ. ಬಣ್ಣವನ್ನು ಒದ್ದೆ ಮಾಡಿ ಉಜ್ಜುವುದು, ಹೆಪಾ ಫಿಲ್ಟರಿನ ಯಂತ್ರ ಬಳಸುವುದು, ಕೆಲಸದ ಬಟ್ಟೆ ಹಾಗೂ ಚಪ್ಪಲಿಯನ್ನು ಗ್ಯಾರೇಜಿನಲ್ಲೇ ಬಿಡುವುದು ಕ್ಷೇಮ. ಆದರೆ ಪುಟ್ಟಿ ನೀರು ಹೀರುತ್ತದೆ. ಅದನ್ನು ಮಾತ್ರ ಧೂಳು ಸೆಳೆಯುವ ಯಂತ್ರವಿಟ್ಟುಕೊಂಡು ಒಣದಾಗಿಯೇ ಉಜ್ಜಬೇಕು.

ವಾಸನೆ ಬರದಿದ್ದರೆ ಅಪಾಯವಿಲ್ಲವೇ?

ಇದು ಎಲ್ಲಕ್ಕಿಂತ ದುಬಾರಿ ತಪ್ಪು ತಿಳಿವಳಿಕೆ. ಹಿಂದಿನ ಸೆಲ್ಯುಲೋಸ್ ಬಣ್ಣ ಥಿನ್ನರ್ ಆವಿಯಾದಾಗ ಒಣಗುತ್ತಿತ್ತು. ಈಗ ಹೆಚ್ಚು ಬಳಕೆಯಲ್ಲಿರುವ ಎರಡು ಡಬ್ಬಿಯ ಬಣ್ಣ ಹಾರ್ಡನರ್ ಜೊತೆ ರಾಸಾಯನಿಕ ಕ್ರಿಯೆ ನಡೆಸಿ ಗಟ್ಟಿಯಾಗುತ್ತದೆ. ಆ ಹಾರ್ಡನರಿನಲ್ಲಿ ಸಾಮಾನ್ಯವಾಗಿ ಇರುವುದು ಐಸೊಸಯನೇಟ್. ಭೋಪಾಲ ದುರಂತದ ಮೀಥೈಲ್ ಐಸೊಸಯನೇಟ್ ಇದೇ ಕುಟುಂಬದ್ದು. ಬಣ್ಣದಲ್ಲಿರುವುದು ಅದೇ ವಸ್ತುವಲ್ಲ, ಅಷ್ಟು ಸುಲಭವಾಗಿ ಆವಿಯಾಗುವುದೂ ಇಲ್ಲ. ಆದರೆ ಸ್ಪ್ರೇ ಗನ್ ಅದನ್ನು ಮಂಜಾಗಿಸಿ ನೇರ ಶ್ವಾಸಕೋಶಕ್ಕೆ ಕಳಿಸಬಲ್ಲದು.

ಬ್ರಿಟನ್ನಿನಲ್ಲಿ ಕೆಲಸದಿಂದ ಅಂಟಿಕೊಳ್ಳುವ ಆಸ್ತಮಾದ ಪ್ರಮುಖ ಕಾರಣಗಳಲ್ಲಿ ಐಸೊಸಯನೇಟ್ ಕೂಡ ಒಂದು. ಅದರ ವಾಸನೆ ನಮಗೆ ತಿಳಿಯುವ ಹೊತ್ತಿಗೆ ಪ್ರಮಾಣ ಸುರಕ್ಷತೆಯ ಮಿತಿಯನ್ನು ದಾಟಿರುತ್ತದೆ. ಎದೆ ಬಿಗಿತ, ಕೆಮ್ಮು ಎಷ್ಟೋ ಗಂಟೆಗಳ ನಂತರ, ರಾತ್ರಿ ಮಲಗಿದಾಗ ಬರಬಹುದು. ಹೀಗಾಗಿ ಬಣ್ಣಕ್ಕೂ ಕೆಮ್ಮಿಗೂ ಇರುವ ನಂಟು ಹೊಳೆಯುವುದೇ ಇಲ್ಲ. ದೇಹ ಒಮ್ಮೆ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು.

ಧೂಳಿನ ಮಾಸ್ಕು ಇಲ್ಲಿ ಕೆಲಸಕ್ಕೆ ಬಾರದು. ಇದ್ದಿಲಿನ ಮಾಸ್ಕನ್ನೂ ನೆಚ್ಚಿಕೊಳ್ಳುವಂತಿಲ್ಲ, ಅದರ ಫಿಲ್ಟರು ಮುಗಿದಿದ್ದು ಮೂಗಿಗೆ ತಿಳಿಯದಲ್ಲ! ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡವೇ ಬೇಕು. ಕಣ್ಣಿಗೆ ಮಂಜು ಕಾಣದಿದ್ದರೂ ಗ್ಯಾರೇಜಿನ ಗಾಳಿ ಪೂರ್ತಿ ಬದಲಾಗುವವರೆಗೆ ಅದನ್ನು ತೆಗೆಯಬಾರದು. ನೀರು ಆಧಾರಿತ ಬಣ್ಣ ತಂದರೂ ನಿಶ್ಚಿಂತೆಯಿಲ್ಲ. ಅದರ ಮೇಲೆ ಹೊಡೆಯುವ ಪಾರದರ್ಶಕ ಹೊಳಪಿನ ಪದರ ಹೆಚ್ಚಾಗಿ ಎರಡು ಡಬ್ಬಿಯದೇ.

ಇದರ ಜೊತೆಗೆ ಬೆಂಕಿಯ ಭಯ. ದ್ರಾವಕಗಳ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದು ಗ್ಯಾರೇಜಿನ ಬಾಯ್ಲರಿನ ಜ್ವಾಲೆಯನ್ನೋ ಸಾಧಾರಣ ಫ್ಯಾನಿನ ಕಿಡಿಯನ್ನೋ ಮುಟ್ಟಬಹುದು.

ಹಾಗಾದರೆ ಮನೆಯಲ್ಲಿ ಮಾಡಲೇಬಾರದೇ?

ಧಾರಾಳವಾಗಿ ಮಾಡಬಹುದು, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಬೇಕು ಅಷ್ಟೆ. ಬಿಚ್ಚುವುದು, ತೊಳೆಯುವುದು, ತುಕ್ಕು ಹುಡುಕುವುದು, ಉಜ್ಜುವುದು, ಪುಟ್ಟಿ ಮಟ್ಟ ಮಾಡುವುದು ಎಲ್ಲವೂ ತಾಳ್ಮೆಯ ಕೆಲಸ. ಹಣ ಕೊಟ್ಟು ಮಾಡಿಸಿದರೆ ಹೆಚ್ಚು ಖರ್ಚಾಗುವುದೂ ಈ ಗಂಟೆಗಳಿಗೇ. ಅಷ್ಟನ್ನು ಮನೆಯಲ್ಲಿ ಮುಗಿಸಿ, ಸಿಂಪಡಿಸುವುದನ್ನು ಮಾತ್ರ ಗಾಳಿ ಶುದ್ಧೀಕರಿಸುವ ಬೂತ್ ಇರುವ ಕಡೆ ಮಾಡಿಸಿದರೆ ಹಣವೂ ಉಳಿಯುತ್ತದೆ, ಉಸಿರೂ ಉಳಿಯುತ್ತದೆ.

ಅರವತ್ತು ವರ್ಷದ ಕಾರಿಗೆ ಹೊಸ ಮೈಬಣ್ಣ ಮತ್ತೆ ಮತ್ತೆ ಸಿಕ್ಕೀತು. ಅದನ್ನು ಓಡಿಸುವವರ ಶ್ವಾಸಕೋಶಕ್ಕೆ ಬಿಡಿಭಾಗ ಸಿಗುವುದಿಲ್ಲ.