ಕಪ್ಪು ಪರದೆಯ ಮಿತಭಾಷಿ

ಅಕ್ಕನ ಮಗನ ಮದುವೆ ಮುಗಿದ ಮೂರನೇ ದಿನಕ್ಕೆ ಮುಯ್ಯಿ ಪಟ್ಟಿ ನನ್ನ ಲ್ಯಾಪ್‌ಟಾಪಿಗೆ ಬಂತು. ಮನೆಯ ಇಬ್ಬರು ಹುಡುಗರು ಪುಸ್ತಕ ನೋಡಿಕೊಂಡು ಸಾಲಿಗೊಬ್ಬರಂತೆ ಹೆಸರು, ಊರು, ಮೊತ್ತ ಟೈಪ್ ಮಾಡಿದ್ದರು. ಆರುನೂರು ಚಿಲ್ಲರೆ ಸಾಲು.

"ಯಾವ ಊರಿಂದ ಎಷ್ಟು ಮನೆಯೋರು ಬಂದಿದ್ರು ಅಂತ ಲೆಕ್ಕ ತೆಗೆದುಕೊಡೋ" ಎಂದಳು ಅಕ್ಕ. ನಾನು ಟರ್ಮಿನಲ್ ತೆರೆದೆ. ಕಪ್ಪು ಪರದೆ, ಮೂಲೆಯಲ್ಲಿ ಮಿನುಗುವ ಕರ್ಸರ್. "ಕೆಟ್ಟೋಯ್ತಾ?" ಎಂದು ಇಣುಕಿದಳು.

ಕೆಟ್ಟಿರಲಿಲ್ಲ, ಅದು ಮಾತಾಡುವುದೇ ಕಡಿಮೆ. ಆ ಜಿಪುಣತನ ಹುಟ್ಟಿನಿಂದ ಬಂದದ್ದು. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಇದರ ಮೂಲವಾದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಲು ಶುರುಮಾಡಿದಾಗ ಕೈಗೆ ಸಿಕ್ಕಿದ್ದು ಟೆಲಿಟೈಪ್ ಮಾಡೆಲ್ 33. ಕಂಪ್ಯೂಟರಿನ ಉತ್ತರವನ್ನು ಕಾಗದದ ಸುರುಳಿಯ ಮೇಲೆ ಕುಟ್ಟುವ ಯಂತ್ರ ಅದು. ಸೆಕೆಂಡಿಗೆ 10 ಅಕ್ಷರ. ಎಪ್ಪತ್ತೆರಡು ಅಕ್ಷರದ ಒಂದು ಸಾಲಿಗೆ ಏಳು ಸೆಕೆಂಡಿಗೂ ಹೆಚ್ಚು. ಅಂಥದ್ದರ ಮುಂದೆ ಕೂತವರು ವಾಚಾಳಿಗಳಾಗಲು ಸಾಧ್ಯವೇ? ಪಟ್ಟಿ ತೋರಿಸು ಎನ್ನಲು 'ಎಲ್ಎಸ್', ನಕಲು ಮಾಡಲು 'ಸಿಪಿ', ಅಳಿಸಲು 'ಆರ್‌ಎಂ': ಎರಡೆರಡೇ ಅಕ್ಷರ. ಕೆಲಸ ಸರಿಯಾಗಿ ಆದರೆ ಚಕಾರವಿಲ್ಲ, ಕೆಟ್ಟರೆ ಮಾತ್ರ ಒಂದು ಸಾಲಿನ ದೂರು.

ಈ ಮೌನ ಹೊಸಬರನ್ನು ಹೆದರಿಸುತ್ತದೆ, ಹೆದರುವುದು ತಪ್ಪೂ ಅಲ್ಲ. ಒಂದೇ ಬಗೆಯ ಫೈಲುಗಳನ್ನು ಅಳಿಸಲು ಹೋಗಿ, ನಕ್ಷತ್ರ ಚಿಹ್ನೆಗೂ ಅದರ ನಂತರದ ಡಾಟ್ ಟಿಎಕ್ಸ್‌ಟಿಗೂ ನಡುವೆ ನಾನೊಮ್ಮೆ ಬೇಡದ ಸ್ಪೇಸ್ ಒತ್ತಿಬಿಟ್ಟಿದ್ದೆ. ನಕ್ಷತ್ರವೊಂದೇ ನಿಂತರೆ 'ಇಲ್ಲಿರುವುದೆಲ್ಲ' ಎಂದರ್ಥ. ಇಡೀ ಫೋಲ್ಡರ್ ಗುಡಿಸಿ ಮುಗಿಸಿದ ಮೇಲೆ ಆರ್‌ಎಂ ಬಾಯಿ ಬಿಟ್ಟಿತು: ಡಾಟ್ ಟಿಎಕ್ಸ್‌ಟಿ ಎಂಬ ಫೈಲ್ ಸಿಗಲಿಲ್ಲವಂತೆ!

ಆದರೆ ಆ ಮೌನದಿಂದಲೇ ಒಂದು ದೊಡ್ಡ ಲಾಭವಾಯಿತು. ತೋಟದ ನೀರಿನ ಪೈಪುಗಳನ್ನು ಒಂದಕ್ಕೊಂದು ಸಿಕ್ಕಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸುವಂತಿರಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಬರೆದಿಟ್ಟಿದ್ದರು. 1973ರಲ್ಲಿ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಯುನಿಕ್ಸ್‌ಗೆ ಸೇರಿಸಿದರು. ಎರಡು ಕಮಾಂಡುಗಳ ನಡುವೆ ಒಂದು ನೆಟ್ಟಗಿನ ಗೆರೆ ಎಳೆದರೆ ಸಾಕು, ಮೊದಲನೆಯದರ ಉತ್ತರ ಎರಡನೆಯದರ ಬಾಯಿಗೆ ಬೀಳುತ್ತದೆ. ಒಂದೊಂದೂ 'ನಮಸ್ಕಾರ, ಫಲಿತಾಂಶ ಹೀಗಿದೆ' ಎಂದು ಪೀಠಿಕೆ ಹಾಕುತ್ತಿದ್ದರೆ ಆ ಮಾತೂ ಮುಂದಿನದರ ಲೆಕ್ಕದಲ್ಲಿ ಸೇರಿಹೋಗುತ್ತಿತ್ತು.

ಅಕ್ಕನ ಲೆಕ್ಕಕ್ಕೆ ನಾಲ್ಕು ಆಳುಗಳನ್ನು ಸಾಲಾಗಿ ನಿಲ್ಲಿಸಿದೆ. 'ಕಟ್' ಪ್ರತಿ ಸಾಲಿನಿಂದ ಊರನ್ನಷ್ಟೇ ಕತ್ತರಿಸಿ ಕೊಡುತ್ತದೆ. 'ಸಾರ್ಟ್' ಅವನ್ನು ಅನುಕ್ರಮವಾಗಿ ಜೋಡಿಸುತ್ತದೆ. 'ಯುನಿಕ್' ಒಂದೇ ಹೆಸರು ಎಷ್ಟು ಸಲ ಬಂತೆಂದು ಎಣಿಸುತ್ತದೆ. ಕೊನೆಗೆ ಇನ್ನೊಂದು ಸಾರ್ಟ್, ಹೆಚ್ಚು ಬಂದ ಊರನ್ನು ಮೇಲಕ್ಕೆ ತರಲು. ಇವರಲ್ಲಿ ಯುನಿಕ್ ಮಹಾ ಮರೆಗುಳಿ. ಅದರ ನೆನಪಿನಲ್ಲಿರುವುದು ಹಿಂದಿನ ಒಂದು ಸಾಲು ಮಾತ್ರ. ತುಮಕೂರು, ಹಾಸನ, ಮತ್ತೆ ತುಮಕೂರು ಎಂದು ಬಂದರೆ ಎರಡು ಬೇರೆ ತುಮಕೂರು ಎಂದುಕೊಳ್ಳುತ್ತದೆ. ಅದಕ್ಕೇ ಮೊದಲು ಸಾರ್ಟ್ ಮಾಡಿ ಒಂದೇ ಊರಿನವರನ್ನೆಲ್ಲ ಅಕ್ಕಪಕ್ಕ ಕೂರಿಸಬೇಕು. ಪೆದ್ದುತನ ಎನಿಸಬಹುದು. ಆದರೆ ಯುನಿಕ್ಸ್ ಬೆಳೆದ ಪಿಡಿಪಿ-11 ಯಂತ್ರದ ಮೆಮೊರಿ ಮೊದಲಿಗೆ 24 ಕಿಲೋಬೈಟ್. ಒಂದೇ ಸಾಲು ನೆನಪಿಟ್ಟುಕೊಂಡು ಬದುಕುವವನಿಗೆ ಅಲ್ಲಿ ಬೆಲೆ ಜಾಸ್ತಿ.

ಎಂಟರ್ ಒತ್ತಿದೆ. ರೆಪ್ಪೆ ಬಡಿಯುವಷ್ಟರಲ್ಲಿ ಪಟ್ಟಿ ಬಂತು. ಅಕ್ಕನ ಕಣ್ಣು ನನ್ನದಕ್ಕಿಂತ ಚುರುಕು. "ಕೋಲಾರ ಎರಡು ಸಲ ಯಾಕಿದೆ?"

ನಿಜ. ಕೋಲಾರ 41, ಕೆಳಗೆ ಇನ್ನೊಂದು ಕೋಲಾರ 7. ಕಣ್ಣಿಗೆ ಎರಡೂ ಒಂದೇ. 'ಡಬ್ಲ್ಯುಸಿ' ಎಂಬ ಎಣಿಕೆಯ ಕಮಾಂಡಿಗೆ ಕೊಟ್ಟು ಬೈಟ್ ಕೇಳಿದೆ: ಸಾಲಿನ ಕೊನೆಯ ಗುರುತು ಬಿಟ್ಟರೆ ಒಂದಕ್ಕೆ 15, ಇನ್ನೊಂದಕ್ಕೆ 18. ನಮಗೆ ಕೋ, ಲಾ, ರ ಮೂರೇ ಅಕ್ಷರ. ಕಂಪ್ಯೂಟರಿಗೆ ವ್ಯಂಜನವೂ ಸ್ವರಚಿಹ್ನೆಯೂ ಬೇರೆ ಬೇರೆ, ಹಾಗಾಗಿ ಐದು ಸಂಕೇತ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. (ಆ ಯುಟಿಎಫ್-8 ಕೂಡ ಇದೇ ಥಾಂಪ್ಸನ್ ಅವರದು, 1992ರಲ್ಲಿ ರಾಬ್ ಪೈಕ್ ಜೊತೆ ಊಟಕ್ಕೆ ಹೋದಾಗ ತಟ್ಟೆಯ ಕೆಳಗಿನ ಕಾಗದದ ಮೇಲೆ ರೂಪಿಸಿದ್ದು.) ಒಬ್ಬ ಹುಡುಗನ ಕೀಬೋರ್ಡ್ 'ಕೋ'ದ ಸ್ವರವನ್ನು ಒಂದೇ ಸಂಕೇತವಾಗಿ ಬರೆದಿತ್ತು. ಇನ್ನೊಬ್ಬನದು ಮೊದಲು 'ಕೊ' ಬರೆದು, ದೀರ್ಘದ ಗುರುತನ್ನು ಪಕ್ಕದಲ್ಲಿ ಬೇರೆಯಾಗಿ ಅಂಟಿಸಿತ್ತು. ಸಂಕೇತ ಆರಾಯಿತು, ಬೈಟ್ ಮೂರು ಹೆಚ್ಚಿತು, ಕೋಲಾರ ಎರಡಾಯಿತು.

'ಸೆಡ್' ಎಂಬ ಐದನೆಯವನನ್ನು ಸಾಲಿನ ಮೊದಲಿಗೆ ತಂದು ನಿಲ್ಲಿಸಿ, ಮುರಿದ ಸ್ವರಗಳನ್ನೆಲ್ಲ ಕೂಡಿಸಲು ಹೇಳಿದೆ. ಕೋಲಾರ 48.

ಅಕ್ಕ ತಲೆಯಾಡಿಸಿದಳು. "ಸರಿ, ಇದರಲ್ಲಿ ಊರಿಗೆಷ್ಟು ದುಡ್ಡು ಅಂತ ಎಲ್ಲಿದೆ?"

ಅದಕ್ಕೆ 'ಆಕ್' ಎಂಬ ಇನ್ನೊಬ್ಬ ಆಳನ್ನು ಕರೆಯಬೇಕಿತ್ತು.