ಕಂಡಕ್ಟರ್ ಚೀಲ, ದರಪಟ್ಟಿ ಮತ್ತು ಹ್ಯಾಸ್ಕೆಲ್

ಬಿಇ ಮೂರನೇ ವರ್ಷಕ್ಕೆ ಬಂದರೆ ಸಾಕು, ಹಾಸ್ಟೆಲ್ ತುಂಬ ಒಂದೇ ಮಾತು: ‘ಜಾವಾ ಮುಗೀತಾ? ಪೈಥಾನ್ ಎಲ್ಲಿಗೆ ಬಂತು?’ ನಾನು ಹ್ಯಾಸ್ಕೆಲ್ ಕಲಿಯುತ್ತಿದ್ದೇನೆ ಎಂದರೆ ಗೆಳೆಯರು ಕೇಳುತ್ತಾರೆ, ‘ಅದ್ರಿಂದ ಕೆಲ್ಸ ಸಿಗ್ತದೇನೋ?’ ನ್ಯಾಯವಾದ ಪ್ರಶ್ನೆಯೇ. ಸಾಲ ಮಾಡಿ ಓದಿಸುವ ಮನೆಯ ಮಕ್ಕಳಿಗೆ ಆರು ತಿಂಗಳೂ ದುಬಾರಿ. ಉತ್ತರಕ್ಕೆ ಮೊದಲು, ಹ್ಯಾಸ್ಕೆಲ್‌ನ ಬುನಾದಿಯಾದ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದರೇನು ನೋಡೋಣ.

ನಮ್ಮೂರು ಜೊಯಿಡಾ ತಾಲ್ಲೂಕಿನ ಅಣಶಿ. ಇಲ್ಲಿಂದ ಘಟ್ಟ ಇಳಿದು, ಕದ್ರಾ ಮೇಲೆ ಕಾರವಾರಕ್ಕೆ ಹೋಗುವ ಬಸ್ಸನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಕಂಡಕ್ಟರ್ ಬಳಿ ಎರಡು ವಸ್ತುಗಳಿವೆ. ಒಂದು ದರಪಟ್ಟಿ. ಅಣಶಿಯಿಂದ ಕದ್ರಾಕ್ಕೆ ಎಷ್ಟು ಎಂದು ಯಾರೇ ಎಷ್ಟು ಸಲ ಕೇಳಲಿ, ಉತ್ತರ ಅದೇ. ಇನ್ನೊಂದು ಹಣದ ಚೀಲ. ಅದರೊಳಗಿನ ಮೊತ್ತ ಪ್ರತಿ ಟಿಕೆಟ್‌ಗೂ ಬದಲಾಗುತ್ತದೆ. ಇಬ್ಬರು ಒಟ್ಟಿಗೆ ಕೈ ಹಾಕಿದರೆ ಡಿಪೊದಲ್ಲಿ ಲೆಕ್ಕ ತಾಳೆಯಾಗುವುದು ಕಷ್ಟ.

ಪ್ರೋಗ್ರಾಂಗಳಲ್ಲಿ ಎಷ್ಟೋ ದೋಷಗಳು ಹುಟ್ಟುವುದು ಇಂಥ ಚೀಲದಲ್ಲೇ. ಒಂದು ಕಡೆ ಬದಲಾದ ವೇರಿಯಬಲ್ ಇನ್ನೊಂದು ಕಡೆ ತಪ್ಪು ಉತ್ತರ ಕೊಡುತ್ತದೆ. ಆದಷ್ಟೂ ಕೆಲಸವನ್ನು ದರಪಟ್ಟಿಯ ಹಾಗೆ ಬರೆಯಿರಿ, ಚೀಲ ಮುಟ್ಟುವ ಭಾಗವನ್ನು ಚಿಕ್ಕದಾಗಿ ಬೇರೆ ಇಡಿ ಎನ್ನುವುದೇ ಫಂಕ್ಷನಲ್ ಪ್ರೋಗ್ರಾಮಿಂಗ್‌ನ ತಿರುಳು.

ಇದು ಹೊಸ ಫ್ಯಾಷನ್ ಅಲ್ಲ. ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಕೆಲಸ ಆರಂಭಿಸಿದ್ದು 1958ರಲ್ಲಿ. ಫೋರ್ಟ್ರಾನ್ ರೂಪಿಸಿದ ಜಾನ್ ಬ್ಯಾಕಸ್ ಅವರೇ 1977ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ದಾರಿಯ ಪರವಾಗಿ ವಾದಿಸಿದರು. ಸಂಶೋಧಕರ ಸಮಿತಿಯೊಂದು ಸೇರಿ ರೂಪಿಸಿದ ಹ್ಯಾಸ್ಕೆಲ್‌ನ ಮೊದಲ ಆವೃತ್ತಿ 1990ರಲ್ಲಿ ಬಂತು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರೇ ಅದಕ್ಕೆ.

ಹಾಗಾದರೆ ಇದೆಲ್ಲ ಪ್ರಯೋಗಾಲಯದ ಮಾತೇ? ಬೆಂಗಳೂರಿನಲ್ಲಿ ಆಟೊ ಹತ್ತಿ ನೋಡಿ. ಜಸ್‌ಪೇ ಕಂಪನಿ ಆಟೊ ಚಾಲಕರ ಸಂಘದ ಜೊತೆ ಸೇರಿ 2022ರಲ್ಲಿ ತಂದ ‘ನಮ್ಮ ಯಾತ್ರಿ’ ಆ್ಯಪ್‌ನ ಹಿಂದಿನ ಸರ್ವರ್ ಭಾಗ ಬರೆದಿರುವುದು ಹ್ಯಾಸ್ಕೆಲ್‌ನಲ್ಲಿ. ಚಾಲಕನ ದುಡಿಮೆಯ ಲೆಕ್ಕ ಇರುವಲ್ಲಿ ಸಣ್ಣ ದೋಷವೂ ದೊಡ್ಡದೇ. ಹ್ಯಾಸ್ಕೆಲ್‌ನಲ್ಲಿ ದೂರಕ್ಕೊಂದು, ಹಣಕ್ಕೊಂದು ಟೈಪ್ ಕೊಟ್ಟುಬಿಟ್ಟರೆ, ರೂಪಾಯಿ ಇರಬೇಕಾದಲ್ಲಿ ಕಿಲೋಮೀಟರ್ ಬರೆದ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. ನಾವು ದಿನವಿಡೀ ನೋಡುವ ವಾಟ್ಸ್‌ಆ್ಯಪ್‌ನ ಸರ್ವರ್‌ಗಳೂ ನಡೆಯುವುದು ಎರ್ಲಾಂಗ್ ಎಂಬ ಫಂಕ್ಷನಲ್ ಭಾಷೆಯಲ್ಲಿ.

ಈಗ ಗೆಳೆಯರ ಪ್ರಶ್ನೆಗೆ ಬರುತ್ತೇನೆ. ಹ್ಯಾಸ್ಕೆಲ್ ಕೇಳುವ ಕಂಪನಿಗಳು ಕಡಿಮೆ, ನಿಜ. ಅದೊಂದನ್ನೇ ನಂಬಿ ಕೂರಬೇಡಿ. ಆದರೆ ಕಲಿತದ್ದು ಅಲ್ಲೇ ಉಳಿಯುವುದಿಲ್ಲ. 2014ರ ಜಾವಾ 8ಕ್ಕೆ ಲ್ಯಾಂಬ್ಡಾ ಬಂದಿದ್ದು ಇಲ್ಲಿಂದಲೇ. ಪೈಥಾನ್‌ನ ಮ್ಯಾಪ್, ಫಿಲ್ಟರ್‌ಗಳ ಹಿಂದಿರುವುದೂ ಇದೇ ವಿಚಾರ. ಉತ್ತರ ಬಾಯಿಪಾಠ ಮಾಡಿದವನಿಗೂ ಅದು ಹೇಗೆ ಬಂತೆಂದು ಬಿಡಿಸಿ ಹೇಳಬಲ್ಲವನಿಗೂ ಇರುವ ವ್ಯತ್ಯಾಸ ಇಂಟರ್‌ವ್ಯೂನಲ್ಲಿ ಗೊತ್ತಾಗದೆ ಇರದು.

ಕಲಿಯಲು ಬೆಂಗಳೂರಿಗೇ ಹೋಗಬೇಕಿಲ್ಲ, ದೊಡ್ಡ ಕೋಚಿಂಗ್ ಫೀಸೂ ಬೇಡ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಮತ್ತು ಎಸ್.ಪಿ. ಸುರೇಶ್ ಅವರ ಹ್ಯಾಸ್ಕೆಲ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿವೆ. ನೆಟ್‌ವರ್ಕ್ ಹುಡುಕಿ ಅಲೆಯಬೇಕಾದ ನಮ್ಮಂಥ ಊರಿನವರು ಕಾಲೇಜಿನಲ್ಲೇ ಪಾಠ, ಕಂಪೈಲರ್ ಎರಡನ್ನೂ ಇಳಿಸಿಕೊಂಡು ಹೋಗಬಹುದು. ಮನೆಯಲ್ಲಿ ಅಭ್ಯಾಸಕ್ಕೆ ಇಂಟರ್ನೆಟ್ ಬೇಕಿಲ್ಲ. ಸ್ವಲ್ಪ ಕೈ ಪಳಗಿದ ಮೇಲೆ ಗಿಟ್‌ಹಬ್‌ನಲ್ಲಿ ಮುಕ್ತವಾಗಿರುವ ‘ನಮ್ಮ ಯಾತ್ರಿ’ಯ ಕೋಡ್ ತೆರೆದು ಓದಿ. ಲಕ್ಷಾಂತರ ಜನ ಬಳಸುವ ಸಾಫ್ಟ್‌ವೇರ್ ಹೇಗಿರುತ್ತದೆಂದು ಕೆಲಸ ಸಿಗುವ ಮೊದಲೇ ನೋಡುವ ಅವಕಾಶ ಅದು. ಜಾವಾ ಬಿಡಬೇಡಿ, ದಿನಕ್ಕೊಂದು ಗಂಟೆ ಇದಕ್ಕೂ ಕೊಡಿ.