ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೆ ಬಂದದ್ದೇಕೆ?

ಪ್ರಶ್ನೆ: ಮೊದಲು ಆಸ್ಪತ್ರೆಯಲ್ಲಷ್ಟೇ ಕಾಣುತ್ತಿದ್ದ ಪಲ್ಸ್ ಆಕ್ಸಿಮೀಟರ್ ಈಗ ನಮ್ಮೂರಿನ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಇಷ್ಟು ಬೇಡಿಕೆ ಏಕೆ? ಅದು ತೋರಿಸುವ ಅಂಕಿಯನ್ನು ನಂಬಬಹುದೇ?

ಉತ್ತರ: ಬೇಡಿಕೆ ಒಮ್ಮೆಲೇ ಏರಿದ್ದು ಕೋವಿಡ್ ಕಾಲದಲ್ಲಿ. ಏದುಸಿರು ಕಾಣಿಸುವ ಮೊದಲೇ ಕೆಲವು ಸೋಂಕಿತರ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತಿತ್ತು. ಮನೆಯಲ್ಲೇ ಅದನ್ನು ತಿಳಿಯಲು ಈ ಪುಟ್ಟ ಸಾಧನ ನೆರವಾಯಿತು. 2021ರ ಜುಲೈನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಆಕ್ಸಿಮೀಟರ್, ನೆಬ್ಯುಲೈಸರ್ ಸೇರಿದಂತೆ ಐದು ಸಾಧನಗಳ ಮಾರಾಟದ ಲಾಭಕ್ಕೆ ಶೇ 70ರ ಮಿತಿ ಹಾಕಿದ್ದರಿಂದ ಬೆಲೆಯೂ ತಗ್ಗಿತು. ಆಸ್ತಮಾ, ಸಿಒಪಿಡಿ (ಉಸಿರಾಟಕ್ಕೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರ ಮನೆಗಳಲ್ಲಿ ಇದು ಇಂದಿಗೂ ಉಪಯುಕ್ತ.

ಕ್ಲಿಪ್ಪಿನೊಳಗಿಂದ ಕೆಂಪು ಮತ್ತು ಅವಗೆಂಪು ಬೆಳಕು ಬೆರಳನ್ನು ಹಾಯುತ್ತದೆ. ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್ ಅವಗೆಂಪನ್ನು ಹೆಚ್ಚು ಹೀರಿದರೆ, ಹೊರದಿರುವುದು ಕೆಂಪನ್ನು ಹೆಚ್ಚು ಹೀರುತ್ತದೆ. ಈ ವ್ಯತ್ಯಾಸದಿಂದಲೇ ಸಾಧನವು ಆಮ್ಲಜನಕ ಹೊತ್ತ ಹಿಮೊಗ್ಲೋಬಿನ್ ಶೇಕಡಾ ಎಷ್ಟೆಂದು ಲೆಕ್ಕಹಾಕಿ ತೋರಿಸುತ್ತದೆ. ನಾಡಿ ಮಿಡಿದಂತೆಲ್ಲ ಬದಲಾಗುವ ಬೆಳಕನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಈ ಉಪಾಯವನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ.

ಅಂಕಿಯನ್ನು ನಂಬಬಹುದು, ಕಣ್ಣುಮುಚ್ಚಿ ಅಲ್ಲ. ತಣ್ಣಗಿನ ಬೆರಳು, ನೇಲ್ ಪಾಲಿಶ್, ಕೈ ಅಲುಗಾಟದಿಂದ ಅದು ತಪ್ಪಾಗಬಹುದು. ಕಪ್ಪು ಮೈಬಣ್ಣದವರಲ್ಲಿ ಕೆಲವೊಮ್ಮೆ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಕೈ ಬೆಚ್ಚಗೆ ಮಾಡಿಕೊಂಡು, ಅಂಕಿ ನಿಲ್ಲುವವರೆಗೆ ಕಾಯಿರಿ. ಸಾಮಾನ್ಯವಾಗಿ 95ರಿಂದ 100 ಆರೋಗ್ಯಕರ. 90ಕ್ಕಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹಳೆಯ ಶ್ವಾಸಕೋಶದ ಕಾಯಿಲೆ ಇರುವವರು ತಮ್ಮ ಮಿತಿಯನ್ನು ವೈದ್ಯರಿಂದಲೇ ಕೇಳಿಕೊಳ್ಳಬೇಕು. ಅಂಕಿ ಚೆನ್ನಾಗಿದ್ದರೂ ಉಸಿರು ಕಟ್ಟುತ್ತಿದ್ದರೆ ಮನೆಯಲ್ಲಿ ಕೂರಬೇಡಿ.